ಬರಿಗಾಲಿನ ಹೊಲ

ಮರಿಮಲ್ಲಪ್ಪನವರ ಅರಿಸಿನದ ಹೊಲಕ್ಕೆ ಚಪ್ಪಲಿ ಹಾಕಿಕೊಂಡು ಇಳಿಯುವ ಹಾಗಿಲ್ಲ. ಬೇಗೂರಿನ ಸುತ್ತಮುತ್ತಲ ಕೂಲಿಯಾಳುಗಳಿಗೆಲ್ಲ ಇದು ಗೊತ್ತು. ಬದುವಿನ ಮೇಲೆ ಒಂದು ಹೊಂಗೆ ಮರವಿದೆ, ಅದರ ಬುಡದಲ್ಲಿ ಚಪ್ಪಲಿ ಬಿಡಬೇಕು, ಸೀರೆ ಎತ್ತಿ ಕಟ್ಟಬೇಕು, ಆಮೇಲೆ ಸಾಲಿಗೆ ಇಳಿಯಬೇಕು. ಅರಿಸಿನ ಅಂದರೆ ಮುತ್ತೈದೆಯ ಕೆನ್ನೆಗೆ, ದೇವರ ಪಾದಕ್ಕೆ ಹೋಗುವ ವಸ್ತು, ಅದನ್ನು ಯಾರಾದರೂ ಕೆರದಲ್ಲಿ ತುಳಿಯುತ್ತಾರೆಯೇ ಎಂದು ಮರಿಮಲ್ಲಪ್ಪನವರ ತಂದೆ ಮಾಡಿಟ್ಟ ಕಟ್ಟಳೆ. ಮರಿಮಲ್ಲಪ್ಪನವರೂ ವರ್ಷಕ್ಕೆರಡು ಸಲ ಪೂಜೆಗೆ ಬಂದಾಗ ಬರಿಗಾಲಲ್ಲೇ ನಾಲ್ಕು ಹೆಜ್ಜೆ ಇಳಿದು ಹೋಗುತ್ತಿದ್ದರು. ಶಿವಲಕ್ಷ್ಮಿ ಇಪ್ಪತ್ತೆಂಟು ವರ್ಷ ದಿನವಿಡೀ ಇಳಿದಿದ್ದಳು. ಇಳಿದದ್ದಷ್ಟೇ ಅಲ್ಲ, ಮೇಸ್ತ್ರಿಯಾದ ಮೇಲೆ ಹೊಸ ಹುಡುಗಿಯರು ಯಾರಾದರೂ ಮರೆತು ಚಪ್ಪಲಿಯಲ್ಲಿ ಕಾಲಿಟ್ಟರೆ ಬದುವಿನಿಂದಲೇ ಗದರುತ್ತಿದ್ದಳು.

"ಏ ಅಮ್ಮಿ, ಇದೇನ್ ನಿಮ್ಮಪ್ಪನ್ ಮನೆ ಕೊಟ್ಟಿಗೆ ಅಂದ್ಕಂಡ್ಯಾ? ಕಳ್ಚು ಮೊದ್ಲು!"

ಅವಳಿಗೆ ಐವತ್ತೊಂದು ವರ್ಷ. ಗಂಟಲು ಎಂಥದ್ದೆಂದರೆ ಬೇಗೂರಿನ ಬಸ್‌ಸ್ಟಾಪಿನಲ್ಲಿ ನಿಂತು ಕರೆದರೆ ಹೈವೇ ಆಚೆ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದವರು ತಿರುಗಿ ನೋಡುತ್ತಿದ್ದರು. ಅವಳೂ ಸೇರಿ ಹನ್ನೆರಡು ಹೆಂಗಸರ ಗುಂಪು. ಸಣ್ಣೀರುಳ್ಳಿ ನಾಟಿ ಇರಲಿ, ಚೆಂಡು ಹೂ ಕೀಳುವುದಿರಲಿ, ಅರಿಸಿನಕ್ಕೆ ಮಣ್ಣೇರಿಸುವುದಿರಲಿ, ಶಿವಲಕ್ಷ್ಮಿಯ ಗುಂಪು ಒಪ್ಪಿಕೊಂಡರೆ ಕೆಲಸ ಆದಂತೆಯೇ. ಹೊಲದಲ್ಲಿ ಕಕ್ಕಸು ಅಂತ ಒಂದಿರಲಿಲ್ಲ. ಹೊಲದ ಅಂಚಿನ ಬಾಳೆಗಿಡಗಳ ಮರೆಗೆ ಹೋಗಿ ಬರುತ್ತಿದ್ದರು, ಹೋಗುವುದೂ ಬರಿಗಾಲಲ್ಲೇ. ಅದರಲ್ಲಿ ಮಾತಾಡುವಂಥದ್ದು ಏನಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ತನ್ನ ಮೈಕಟ್ಟಿನ ಬಗ್ಗೆ ಶಿವಲಕ್ಷ್ಮಿಗೆ ಬಲು ಜಂಬ. ಒಣಗಿದ ಅರಿಸಿನವನ್ನು ಡ್ರಮ್ಮಿಗೆ ಹಾಕಿ ತಿರುಗಿಸಿ ಪಾಲಿಶ್ ಮಾಡುವಾಗ ಹಳದಿ ಧೂಳು ಕಣ್ಣು ಮೂಗು ಒಂದೂ ಬಿಡದೆ ನುಗ್ಗುತ್ತದೆ. ಮರಿಮಲ್ಲಪ್ಪನವರ ಸೊಸೆ ಆ ಕಡೆ ಹಾದುಹೋದರೆ ಸಾಕು, ಹತ್ತು ಸಲ ಸೀನಿ, ಕಣ್ಣು ಕೆಂಪಗೆ ಮಾಡಿಕೊಂಡು ಒಳಗೆ ಓಡುತ್ತಿದ್ದಳು. ಶಿವಲಕ್ಷ್ಮಿ ಮಾತ್ರ ಆ ಧೂಳಿನಲ್ಲೇ ಕೂತು ಎಲೆಯಡಿಕೆ ಮೆಲ್ಲುತ್ತಿದ್ದಳು. "ನಮ್ ರಕ್ತ ಗಟ್ಟಿ ಕಣಮ್ಮಿ," ಎನ್ನುತ್ತಿದ್ದಳು ಜೊತೆಯವರಿಗೆ. "ಸೀನೋಕೂ ಪುರುಸೊತ್ತು ಬ್ಯಾಡ್ವಾ?" ಅವಳಿಗಿದ್ದ ಒಂದೇ ಕಾಟ ಅಂದರೆ ಒಂದು ಓಡುವ ನವೆ. ವರ್ಷದಲ್ಲಿ ನಾಲ್ಕಾರು ಸಲ ಸೊಂಟದ ಹತ್ತಿರ ಕೆಂಪು ಗೆರೆಯಂತೆ ಎದ್ದು, ನೋಡನೋಡುತ್ತಲೇ ಗೇಣುದ್ದ ಹರಿದು, ಎರಡು ದಿನಕ್ಕೆ ಮಾಯವಾಗುತ್ತಿತ್ತು. ಗುಂಪಿನಲ್ಲಿ ಇನ್ನೂ ಮೂರ್ನಾಲ್ಕು ಜನರಿಗೆ ಅದಿತ್ತು. ಬೇವಿನ ಸೊಪ್ಪು, ಅರಿಸಿನ ಅರೆದು ಹಚ್ಚಿಕೊಂಡು ಸುಮ್ಮನಾಗುತ್ತಿದ್ದರು.

ಹೋದ ಮಳೆಗಾಲದಲ್ಲಿ ಅವಳ ಮಂಡಿ ಕೈಕೊಟ್ಟಿತು. ಗುಂಡ್ಲುಪೇಟೆಯಲ್ಲಿ ಡಾಕ್ಟರಿಗೆ ತೋರಿಸಿದಳು. ಅವರು ಐದು ದಿನಕ್ಕೆಂದು ಪುಟ್ಟ ಬಿಳಿ ಮಾತ್ರೆ ಬರೆದುಕೊಟ್ಟು, ಮುಗಿದ ಮೇಲೆ ಬಂದು ಕಾಣು ಎಂದರು. ಕಾಣುವುದಿರಲಿ, ಮೂರನೇ ದಿನಕ್ಕೆ ಶಿವಲಕ್ಷ್ಮಿ ಎದ್ದು ಕುಣಿಯುವ ಹಾಗಾಗಿದ್ದಳು! ನೋವು ಎಲ್ಲಿ ಹೋಯಿತೋ ಹೋಯಿತು. ಹಸಿವು ಹೆಚ್ಚಿತು, ಕೆನ್ನೆ ತುಂಬಿತು. ಇಂಥ ಔಷಧ ಇಟ್ಟುಕೊಂಡು ಜನ ಯಾಕೆ ನರಳುತ್ತಾರೆ ಎಂದು ಅವಳಿಗೆ ಆಶ್ಚರ್ಯವಾಯಿತು. ಖಾಲಿ ಹಾಳೆ ತೋರಿಸಿದರೆ ಮೆಡಿಕಲ್ ಸ್ಟೋರಿನ ಸುನೀಲ್ ಕುಮಾರ್ ಚೀಟಿ ಗೀಟಿ ಕೇಳದೆ ಇನ್ನೊಂದು ಹಾಳೆ ಕೊಡುತ್ತಿದ್ದ. ಅವಳು ಎಲೆಯಡಿಕೆ ಸಂಚಿಯಲ್ಲಿ ಮಾತ್ರೆ ಇಟ್ಟುಕೊಂಡು ಓಡಾಡಲು ಶುರುಮಾಡಿದಳು.

ಅಲ್ಲಿಗೇ ನಿಂತಿದ್ದರೆ ಈ ಕತೆ ಇಷ್ಟು ದೂರ ಬರುತ್ತಿರಲಿಲ್ಲ. ಅರಿಸಿನಕ್ಕೆ ಮಣ್ಣೇರಿಸುವ ಕೆಲಸ ಬಂತು. ಬಗ್ಗಿ ಬಗ್ಗಿ ಹೆಂಗಸರ ಸೊಂಟ ಬಿದ್ದುಹೋಗಿತ್ತು, ಒಬ್ಬೊಬ್ಬಳೂ ಅಯ್ಯೋ ಅಮ್ಮಾ ಎನ್ನುತ್ತಿದ್ದಳು. ಶಿವಲಕ್ಷ್ಮಿ ಬೆಳಗಿನ ಟೀ ಜೊತೆ ಒಬ್ಬೊಬ್ಬರಿಗೆ ಅರ್ಧರ್ಧ ಬಿಳಿ ಮಾತ್ರೆ ಮುರಿದು ಕೊಟ್ಟಳು. ಒಳ್ಳೆಯದಕ್ಕೇ ಕೊಟ್ಟಳು, ತಾಯಿ ಮಕ್ಕಳಿಗೆ ಬೆಲ್ಲ ಮುರಿದು ಕೊಟ್ಟ ಹಾಗೆ. ನಾದಿನಿ ಬಸವಮ್ಮನಿಗೆ ಮಾತ್ರ ದಿನಕ್ಕೆ ಎರಡು ಇಡೀ ಮಾತ್ರೆ. ಬಸವಮ್ಮ ಅವಳ ಗಂಡ ದೊರೆಸ್ವಾಮಿಯ ಒಬ್ಬಳೇ ತಂಗಿ. ಶಿವಲಕ್ಷ್ಮಿ ಆ ಮನೆಗೆ ಸೊಸೆಯಾಗಿ ಬಂದಾಗ ಬಸವಮ್ಮನಿಗಿನ್ನೂ ಎಂಟು ವರ್ಷ, ಜಡೆ ಹೆಣೆದು ಸ್ಕೂಲಿಗೆ ಕಳಿಸಿದವಳು ಇವಳೇ. ಬೇರೆಯವರಿಗೆ ಅರ್ಧ ಕೊಟ್ಟು ತನ್ನ ಹುಡುಗಿಗೂ ಅರ್ಧವೇ ಕೊಡುವುದುಂಟೇ? "ಯಾರ್ಗೂ ಹೇಳ್ಬ್ಯಾಡ, ಸುಮ್ನ ನುಂಗು," ಎಂದಿದ್ದಳು.

ಆ ಸಲ ಹನ್ನೆರಡು ಜನ ಹದಿನೆಂಟು ಜನರ ಕೆಲಸ ಮಾಡಿದರು. ಮರಿಮಲ್ಲಪ್ಪನವರು ಬದುವಿನ ಮೇಲೆ ನಿಂತು, "ಶಿವಲಕ್ಷ್ಮಿ, ನಿನ್ನ ಗುಂಪಿಗೆ ಏನ್ ಬಂತೇ ಈ ವರ್ಷ!" ಎಂದು ನಕ್ಕರು. ಅವಳು ಹಿಗ್ಗಿ ಹೀರೆಕಾಯಿಯಾದಳು. ಮಣ್ಣೇರಿಸಿದ ಮೇಲೆ ಉಳಿದವರಿಗೆ ಮಾತ್ರೆ ನಿಂತಿತು. ಬಸವಮ್ಮನಿಗೂ ಶಿವಲಕ್ಷ್ಮಿಗೂ ನಿಲ್ಲಲಿಲ್ಲ.

ಕಾರ್ತಿಕ ಮಾಸದ ಹೊತ್ತಿಗೆ ಬಸವಮ್ಮನಿಗೆ ಕೆಮ್ಮು ಹತ್ತಿತು. ಎರಡು ಹೆಜ್ಜೆ ನಡೆದರೆ ಏದುಸಿರು, ತಿಂದದ್ದು ವಾಂತಿ, ಹೊಟ್ಟೆಯಲ್ಲಿ ಕಿವುಚಿದಂಥ ನೋವು. ಹತ್ತೇ ದಿನಕ್ಕೆ ಕಣ್ಣು ಗುಳಿಬಿದ್ದವು. ಗುಂಡ್ಲುಪೇಟೆಯಲ್ಲಿ ತೋರಿಸಿದರೆ ತಡಮಾಡದೆ ಚಾಮರಾಜನಗರಕ್ಕೆ ಕರೆದುಕೊಂಡು ಹೋಗಿ ಎಂದರು. ಬಸವಮ್ಮನ ಗಂಡ ಮೂಗಯ್ಯ ಆಟೋ ತಂದ. ಶಿವಲಕ್ಷ್ಮಿ ನಾದಿನಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಟಳು. ದಾರಿಯುದ್ದಕ್ಕೂ ಅವಳ ಎದೆಯೊಳಗೆ ಸಿಳ್ಳೆ ಹಾಕಿದಂಥ ಸದ್ದು ಕೇಳುತ್ತಲೇ ಇತ್ತು.

ಚಾಮರಾಜನಗರದ ಆಸ್ಪತ್ರೆ ತಲುಪಿದಾಗ ಬೆಳಗ್ಗೆ ಹತ್ತೂವರೆ. ಎಮರ್ಜೆನ್ಸಿಯಲ್ಲಿದ್ದ ಡಾಕ್ಟರ್ ಕಾವ್ಯಶ್ರೀಗೆ ಮೂವತ್ತೂ ಆಗಿರಲಾರದು. ಸರಸರನೆ ಬಂದಳು, ಎದೆಗೆ ಕೊಳವೆ ಇಟ್ಟು ಕೇಳಿದಳು, ಮೂಗಿಗೆ ಆಕ್ಸಿಜನ್ ಹಾಕಿಸಿದಳು, ರಕ್ತ ತೆಗೆಸಿ ಲ್ಯಾಬಿಗೆ ಕಳಿಸಿದಳು. ನೋಡಿದರೆ ಜೋರು ಆಸ್ತಮಾದ ಹಾಗೇ ಇತ್ತು. ಗಂಟೆ ಕಳೆದರೂ ಉಸಿರಾಟ ಇಳಿಯಲಿಲ್ಲ. ಒಂದು ಇಂಜೆಕ್ಷನ್ ರೆಡಿ ಮಾಡುವಂತೆ ನರ್ಸಿಗೆ ಹೇಳಿದಳು.

"ಮುಂಚೆಯಿಂದ ಏನಾದ್ರೂ ಮಾತ್ರೆ ತಗೋತಿದ್ರಾ?"

"ಏನೂ ಇಲ್ಲ ಡಾಕ್ಟ್ರಮ್ಮ," ಎಂದ ಮೂಗಯ್ಯ. ಪಾಪ, ಅವನಿಗೆ ಗೊತ್ತಿದ್ದರಲ್ಲವೇ.

ಬಸವಮ್ಮ ಮಲಗಿದ್ದಲ್ಲಿಂದಲೇ ಅತ್ತಿಗೆಯ ಮುಖ ನೋಡಿದಳು. ನೋಡಿ, ಕಣ್ಣು ಮುಚ್ಚಿಕೊಂಡಳು. ಉಸಿರು ಸಿಗದೆ ಒದ್ದಾಡುತ್ತಿದ್ದರೂ ಅತ್ತಿಗೆಯನ್ನು ಬಿಟ್ಟುಕೊಡಬಾರದು ಅಂತ ಇತ್ತು ಆ ಹುಡುಗಿಗೆ.

ಅಷ್ಟರಲ್ಲಿ ಲ್ಯಾಬಿನ ಪ್ರಿಯಾಂಕ ಎಂಬ ಹುಡುಗಿ ರಿಪೋರ್ಟ್ ಹಿಡಿದುಕೊಂಡು ತಾನೇ ಬಂದಳು. ಮೂಗಯ್ಯ ತಂದಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಕಾರ್ಡು, ರೇಷನ್ ಕಾರ್ಡಿನ ಜೊತೆ ಹೋದ ಬೇಸಿಗೆಯಲ್ಲಿ ಬೇಗೂರಿನಲ್ಲಿ ನಡೆದ ಆರೋಗ್ಯ ಶಿಬಿರದ ರಕ್ತದ ರಿಪೋರ್ಟೂ ಇತ್ತು. ಎರಡನ್ನೂ ಪಕ್ಕಪಕ್ಕ ಹಿಡಿದು ಹುಬ್ಬು ಗಂಟಿಕ್ಕಿದಳು.

"ಮೇಡಂ, ಇಲ್ನೋಡಿ. ಆವಾಗ ಇಸಿನೋಫಿಲ್ ಇಪ್ಪತ್ತಾರು. ಇವತ್ತು ಹುಡುಕಿದ್ರೂ ಒಂದೂ ಕಾಣ್ಲಿಲ್ಲ."

ಕಾವ್ಯಶ್ರೀ ಎರಡೂ ಹಾಳೆ ನೋಡಿದಳು. ಮತ್ತೆ ಕೇಳಿದಳು, ಈ ಸಲ ಒಬ್ಬೊಬ್ಬರ ಮುಖವನ್ನೂ ನೋಡುತ್ತ, "ಇಷ್ಟೊಂದು ಇದ್ದಿದ್ದು ಸುಮ್ಸುಮ್ನೆ ಸೊನ್ನೆ ಆಗಲ್ಲ. ಮಂಡಿ ನೋವು, ಸೊಂಟ ನೋವು ಅಂತ ಬಿಳಿ ಮಾತ್ರೆ ಏನಾದ್ರೂ ನುಂಗಿದ್ದಾರಾ? ಗೊತ್ತಿರೋರು ಹೇಳ್ಬೇಕು. ಈಗಲೇ ಹೇಳ್ಬೇಕು."

ನರ್ಸು ಸಿರಿಂಜಿಗೆ ಔಷಧ ಎಳೆದುಕೊಳ್ಳುತ್ತಿದ್ದಳು. ಶಿವಲಕ್ಷ್ಮಿಯ ತಲೆಯೊಳಗೆ ಎಲ್ಲ ಒಟ್ಟಿಗೇ ಓಡಿತು. ಹೇಳಿದರೆ ಮೂಗಯ್ಯ ಏನನ್ನುತ್ತಾನೆ, ದೊರೆಸ್ವಾಮಿಗೆ ಏನು ಮುಖ ತೋರಿಸುವುದು, ಗುಂಪಿನವರು ಇನ್ನು ಮೇಸ್ತ್ರಿ ಅನ್ನುತ್ತಾರೋ ವಿಷ ಹಾಕಿದವಳು ಅನ್ನುತ್ತಾರೋ. ಪೊಲೀಸಿಗೆ ಹಿಡಿದುಕೊಟ್ಟರೆ? ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬಸವಮ್ಮ ಬಾಯಿ ಬಿಡುವುದಿಲ್ಲ, ಅದಂತೂ ಖಂಡಿತ.

"ನಿಲ್ಸಮ್ಮಾ!"

ವಾರ್ಡೆಲ್ಲ ತಿರುಗಿ ನೋಡಿತು. ಶಿವಲಕ್ಷ್ಮಿ ಸಂಚಿ ಬಿಚ್ಚಿ, ಎಲೆ ಅಡಿಕೆ ಎಲ್ಲ ಹಾಸಿಗೆಯ ಮೇಲೆ ಚೆಲ್ಲಿ, ಮಾತ್ರೆ ಹಾಳೆ ಎತ್ತಿ ಡಾಕ್ಟರ ಕೈಗೆ ಕೊಟ್ಟಳು.

"ನಾನೇ ಕೊಟ್ಟಿದ್ದು. ದಿನಕ್ಕ ಎರಡು, ನಾಕು ತಿಂಗ್ಳಿಂದ. ಅವ್ಳ್ಗ ಗೊತ್ತಿಲ್ಲ ಏನು ಅಂತ, ನನ್ಗೂ ಗೊತ್ತಿಲ್ಲ. ತಪ್ಪು ನಂದು. ಏನ್ ಬೇಕಾದ್ರೂ ಮಾಡಿ ನನ್ಗ, ಮೊದ್ಲು ಅವ್ಳ ಉಳ್ಸಿ."

ಕಾವ್ಯಶ್ರೀ ಹಾಳೆಯ ಹಿಂದೆ ಬರೆದದ್ದನ್ನು ಓದಿ, ನರ್ಸಿನ ಕಡೆ ತಿರುಗಿ, "ಆ ಇಂಜೆಕ್ಷನ್ ಬೇಡ, ಇಡಿ," ಎಂದಳು. "ಇದೂ ಅದೇ ಸ್ಟೀರಾಯ್ಡ್ ಔಷಧ. ಇದರ ಮೇಲೆ ಇನ್ನಷ್ಟು ಕೊಡ್ತಿದ್ವಿ." ಪ್ರಿಯಾಂಕಳಿಗೆ ಕಫವನ್ನೂ ಮಲವನ್ನೂ ಕೂಡಲೇ ನೋಡಲು ಹೇಳಿದಳು. ಬೈಯಲಿಲ್ಲ. ಬೈದಿದ್ದರೆ ಶಿವಲಕ್ಷ್ಮಿಗೆ ಎಷ್ಟೋ ಹಗುರವಾಗುತ್ತಿತ್ತು.

ಮುಕ್ಕಾಲು ಗಂಟೆ ಕಳೆದ ಮೇಲೆ ಪ್ರಿಯಾಂಕ ಅವಳನ್ನು ಲ್ಯಾಬಿಗೆ ಕರೆದಳು. "ಬನ್ನಿ ಅಮ್ಮ, ಒಂದು ಕಣ್ಣು ಮುಚ್ಚಿ ಇದರೊಳಗೆ ನೋಡಿ." ಶಿವಲಕ್ಷ್ಮಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಮೊದಲು ಬರೀ ಬೆಳಕು. ಆಮೇಲೆ ಆ ಬೆಳಕಿನೊಳಗೆ ಏನೋ ಕೊಂಕಿತು. ದಾರದ ತುಂಡಿನಂಥದ್ದು, ಜೀವಂತ, ತಲೆ ಆ ಕಡೆ ಈ ಕಡೆ ಹೊರಳಿಸುತ್ತ ಓಡುತ್ತಿತ್ತು.

"ಎಲ್ಲಿದ್ದು ಇದು?"

"ಬಸವಮ್ಮನ ಕಫದಲ್ಲಿ."

"ಥೂ ಇದರ ಮನೆ ಹಾಳಾಗ!" ಎಂದು ಶಿವಲಕ್ಷ್ಮಿ ಹಿಂದಕ್ಕೆ ಸರಿದಳು.

ಕಾವ್ಯಶ್ರೀ ಬಾಗಿಲಲ್ಲಿ ನಿಂತಿದ್ದಳು. ಕೂತುಕೊಳ್ಳಿ ಎಂದು ಸ್ಟೂಲು ಎಳೆದುಕೊಟ್ಟು ನಿಧಾನವಾಗಿ ಹೇಳಿದಳು. "ಈ ಹುಳ ಮಣ್ಣಲ್ಲಿರುತ್ತಮ್ಮ. ಜನ ಬಯಲಲ್ಲಿ ಕೂತ ಕಡೆ ಮಣ್ಣಿಗೆ ಸೇರುತ್ತೆ, ಬರಿಗಾಲಲ್ಲಿ ತುಳಿದೋರ ಚರ್ಮ ತೂರಿ ಒಳಗೆ ಹೋಗುತ್ತೆ. ಕರುಳಲ್ಲಿ ಸೇರಿಕೊಂಡ್ರೆ ಒಳಗೊಳಗೇ ಮರಿ ಮಾಡ್ತಾ ಇಪ್ಪತ್ತು ಮೂವತ್ತು ವರ್ಷ ಇದ್ದುಬಿಡುತ್ತೆ. ಆಗಾಗ ಗೆರೆ ಥರ ಓಡೋ ನವೆ ಬಿಟ್ರೆ ನಿಮಗೆ ಏನೂ ಗೊತ್ತಾಗಲ್ಲ, ಆದ್ರೆ ಮೈಗೆ ಗೊತ್ತಾಗುತ್ತೆ. ರಕ್ತದಲ್ಲಿ ಹುಳದ ಮೇಲೆ ಬೀಳೋಕಂತಲೇ ಕೆಲವು ಕಣಗಳಿವೆ. ಪ್ರಿಯಾಂಕ ಇಪ್ಪತ್ತಾರು ಅಂದಳಲ್ಲ, ಅವೇ. ಅವೂ ಅವುಗಳ ಜೊತೆಯವೂ ಕಾವಲು ನಿಂತು, ಹುಳ ಮಿತಿ ಮೀರದ ಹಾಗೆ ನೋಡ್ಕೊಳ್ತವೆ. ಹುಳವೂ ಸಾಮಾನ್ಯದ್ದಲ್ಲ. ಮೈ ತನ್ನ ಮೇಲೆ ರೇಗಿ ಬೀಳದ ಹಾಗೆ ಅದನ್ನ ತಣ್ಣಗೆ ಮಾಡ್ತಾನೇ ಇರುತ್ತೆ. ಇಬ್ಬರೂ ಒಳಗೊಳಗೇ ರಾಜಿ ಆಗಿರೋ ಹಾಗೆ."

"ಬಿಳಿ ಮಾತ್ರೆ?"

"ಅದು ನೋವು ಕಡಿಮೆ ಮಾಡೋದೇ ಮೈಯ ಸಿಟ್ಟನ್ನ ಮಲಗಿಸಿ. ಅದರ ಜೊತೆಗೆ ಕಾವಲೂ ಮಲಗಿತು. ಹುಳ ಸಾವಿರಗಟ್ಟಲೆ ಆಗಿ ಕರುಳು ದಾಟಿ ಶ್ವಾಸಕೋಶಕ್ಕೆ ಬಂದಿದೆ. ಬರುವಾಗ ಕರುಳಿನ ಕೊಳೆಯನ್ನೂ ಹೊತ್ಕೊಂಡು ರಕ್ತಕ್ಕೆ ಬಿಟ್ಟಿದೆ."

ಶಿವಲಕ್ಷ್ಮಿಗೆ ಅರ್ಥವಾಗದಿರುವಂಥದ್ದು ಇದರಲ್ಲಿ ಏನೂ ಇರಲಿಲ್ಲ. ಅವಳ ಊರಿನ ಕಡೆ ಜೋಳದ ಹೊಲಕ್ಕೆ ಕಾಡುಹಂದಿ ಬರುತ್ತದೆ, ಅಟ್ಟಣೆ ಕಟ್ಟಿ ಕಾಯುತ್ತಾರೆ. ಕಾಯುವವನು ಇದ್ದರೆ ಹಂದಿ ನಾಲ್ಕು ತೆನೆ ತಿಂದು ಓಡುತ್ತದೆ. "ಕಾವಲು ಕಾಯೋನ್ಗ ನಾನೇ ಹೆಂಡ ಕುಡ್ಸಿ ಮಲಗಿಸ್ಬುಟ್ನಲ್ಲ ಡಾಕ್ಟ್ರಮ್ಮ," ಎಂದಳು. ಅಂದವಳೇ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಅತ್ತು ಮುಗಿದ ಮೇಲೆ, ತಾನೂ ನುಂಗಿದ್ದನ್ನು, ಗುಂಪಿನವರಿಗೂ ಕೊಟ್ಟದ್ದನ್ನು ಹೇಳಿ, ಇನ್ನೊಂದು ಕೇಳಿದಳು. "ಅರಿಸಿನದ ಧೂಳಿಗೆ ನಾನು ಒಂದಿನ ಸೀನ್ದೋಳಲ್ಲ. ಅದೂ ಇದ್ರದೇ ಕಿತಾಪತಿಯಾ?"

ಕಾವ್ಯಶ್ರೀ ಸ್ವಲ್ಪ ಯೋಚಿಸಿದಳು. "ಇರಬಹುದು. ಹೊಟ್ಟೇಲಿ ಹುಳ ಇರೋ ಕೆಲವರಿಗೆ ಅಲರ್ಜಿ ಕಡಿಮೆ ಅಂತಾರೆ. ನಿಮ್ಮ ವಿಷಯದಲ್ಲೂ ಹಾಗೇ ಅಂತ ಹೇಳೋಕಾಗಲ್ಲ. ಮೊದ್ಲು ನಿಮ್ಮನ್ನೂ ಪರೀಕ್ಷೆ ಮಾಡ್ಬೇಕು. ಮಾತ್ರೆ ತಿಂದವರನ್ನೆಲ್ಲ ಮಾಡ್ಬೇಕು. ನೀವೂ ನಾಕು ತಿಂಗಳು ನುಂಗಿದೀರಿ, ದಿಢೀರಂತ ನಿಲ್ಲಿಸಬೇಡಿ, ನಾನು ಹೇಳಿದ ಹಾಗೆ ಇಳಿಸ್ತಾ ಬನ್ನಿ."

ಇರಬಹುದು ಅಂದದ್ದೇ ಸಾಕಾಯಿತು ಶಿವಲಕ್ಷ್ಮಿಗೆ. ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಮೆರೆದ ಗಟ್ಟಿ ರಕ್ತ ಒಂದು ಹುಳ ಮಾಡಿದ ರಾಜಿಯೇ? ತನ್ನ ಮೈಯನ್ನು ತನಗೇ ಗೊತ್ತಿಲ್ಲದೆ ಯಾರೋ ಬಾಯಿ ಮುಚ್ಚಿಸಿ ಇಟ್ಟಿದ್ದರು ಅಂದರೆ ಎಂಥ ಅವಮಾನ! ಅವಳಿಗೆ ದುಃಖಕ್ಕಿಂತ ಸಿಟ್ಟು ಹೆಚ್ಚಾಯಿತು.

ಮಧ್ಯಾಹ್ನ ದೊರೆಸ್ವಾಮಿ ಬಂದ. ಅವನು ಬದನಗುಪ್ಪೆಯ ಒಂದು ಫ್ಯಾಕ್ಟರಿಯಲ್ಲಿ ಸೆಕ್ಯೂರಿಟಿ, ಯೂನಿಫಾರಮ್ಮಿನಲ್ಲೇ ಓಡಿಬಂದಿದ್ದ. ಮೂಗಯ್ಯ ಹೇಳುವ ಮೊದಲು ಶಿವಲಕ್ಷ್ಮಿಯೇ ಎದುರು ನಿಂತು ಎಲ್ಲವನ್ನೂ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಅವನು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಕಿಟಕಿಯಿಂದ ತಂಗಿಯನ್ನು ನೋಡಿದ, ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂತ. ಹನ್ನೆರಡು ದಿನ ಅವಳ ಜೊತೆ ಒಂದು ಮಾತೂ ಆಡಲಿಲ್ಲ. ದಿನಾ ಡ್ಯೂಟಿ ಮುಗಿಸಿ ಬಂದು ಊಟದ ಡಬ್ಬಿ ಅವಳ ಪಕ್ಕ ಇಟ್ಟು ಹೋಗುತ್ತಿದ್ದ.

ಆ ಹನ್ನೆರಡು ದಿನ ಬಸವಮ್ಮ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಹುಳ ಕೊಲ್ಲುವ ಔಷಧ ದಿನಾ, ರಕ್ತಕ್ಕೆ ಸೇರಿದ್ದ ನಂಜಿಗೆ ಬೇರೆ ಔಷಧ. ಐದನೇ ದಿನ ಕಾವ್ಯಶ್ರೀ, ಹೇಳಬೇಕಾದವರಿಗೆ ಹೇಳಿಬಿಡಿ ಎಂದಳು. ಶಿವಲಕ್ಷ್ಮಿ ಯಾರಿಗೂ ಹೇಳಲಿಲ್ಲ. ಐಸಿಯು ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಒಳಗೆ ಕೇಳಿಸುತ್ತದೋ ಇಲ್ಲವೋ, "ಏಯ್ ಬಸ್ವಿ, ನನ್ ಬುಟ್ಟು ಓದ್ರೆ ನೋಡು, ಕಾಲ್ ಮುರ್ದ್ಬುಟ್ಟೇನು," ಎಂದು ಗದರುತ್ತಿದ್ದಳು. ಒಂಬತ್ತನೇ ದಿನ ಜ್ವರ ಬಿಟ್ಟಿತು. ಹನ್ನೆರಡನೇ ದಿನ ಬಸವಮ್ಮ ಕಣ್ಣು ಬಿಟ್ಟು, "ಅತ್ಗೆ, ಮುದ್ದೆ ತಿನ್ನಂಗಾಯ್ತದೆ," ಎಂದಳು. ಅದನ್ನು ಕೇಳಿ ಬಾಗಿಲಲ್ಲಿ ನಿಂತಿದ್ದ ದೊರೆಸ್ವಾಮಿ ಗೋಡೆ ಕಡೆ ತಿರುಗಿಕೊಂಡು ಅತ್ತ.

ಅಷ್ಟರೊಳಗೇ ಶಿವಲಕ್ಷ್ಮಿ ನಡುವೆ ಒಂದು ದಿನ ಬಿಡುವು ಮಾಡಿಕೊಂಡು ಎರಡು ಕೆಲಸ ಮುಗಿಸಿ ಬಂದಿದ್ದಳು. ಮೊದಲನೆಯದು ಸುನೀಲ್ ಕುಮಾರನ ಅಂಗಡಿ. ಗಿರಾಕಿಗಳ ಮುಂದೆಯೇ ಖಾಲಿ ಹಾಳೆಗಳನ್ನೆಲ್ಲ ಅವನ ಗಾಜಿನ ಮೇಜಿನ ಮೇಲೆ ಸುರಿದು, "ಇನ್ನೊಂದ್ ಸಲ ಚೀಟಿ ಇಲ್ದೆ ಇದ ಕೊಟ್ಟೆ ಅಂತ ಗೊತ್ತಾದ್ರೆ ನಿನ್ ಅಂಗ್ಡಿ ಬಾಗ್ಲಲ್ಲೇ ಕುಂತ್ಕಂಡು ಕೂಗ್ತೀನಿ. ನನ್ ಗಂಟ್ಲು ಎಂತದು ಅಂತ ಗೊತ್ತಲ್ಲ?" ಎಂದಳು. ಗೊತ್ತು ಎಂದು ಅವನು ತಲೆಯಾಡಿಸಿದ.

ಎರಡನೆಯದು ಗುಂಪಿನ ಹೆಂಗಸರು. ಅಂಗನವಾಡಿ ಮುಂದೆ ಸೇರಿಸಿ, ಮಾಡಿದ್ದನ್ನೆಲ್ಲ ಹೇಳಿದಳು. ಗಲಾಟೆಯೆಂದರೆ ಗಲಾಟೆ. ಒಬ್ಬಳು ಮಣ್ಣು ತೂರಿದಳು, ಇನ್ನೊಬ್ಬಳು ನಿನ್ನ ಕೈಯಲ್ಲಿ ಟೀ ಕುಡಿದ ನನ್ನ ಬಾಯಿಗೆ ಹುಳ ಬೀಳ ಎಂದು ಶಪಿಸಿದಳು. ಶಿವಲಕ್ಷ್ಮಿ ಬಗ್ಗದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

"ಬಯ್ಯಿರಿ. ಇನ್ನೂ ಬಯ್ಯಿರಿ, ತಪ್ಪು ನಂದೇ. ಬಯ್ದು ಮುಗಿದ್ಮೇಲೆ ಒಬ್ಬೊಬ್ರೂ ಒಂದೊಂದ್ ಡಬ್ಬಿ ತಕ್ಕೊಂಡ್ ಓಗಿ. ನಾಳ ಬೆಳಿಗ್ಗ ತುಂಬಿಸ್ಕಂಡ್ ಬನ್ನಿ."

ಡಬ್ಬಿ ಯಾತಕ್ಕೆ ಎಂದು ತಿಳಿದ ಮೇಲೆ ಇನ್ನೊಂದು ಸುತ್ತು ಗಲಾಟೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಬೀದಿಯಲ್ಲಿ ಬರುವುದೇ, ಗಂಡನಿಗೂ ಗೊತ್ತಾಗದ ವಿಷಯ, ಮಾನ ಹೋಗುತ್ತದೆ ಎಂದರು. "ಮಾನ ಬಾಳೆತೋಟ್ದಲ್ಲಿ ಕುಂತಾಗ ಓಯ್ತಿರ್ಲಿಲ್ವಾ?" ಎಂದು ಶಿವಲಕ್ಷ್ಮಿ ಕೇಳಿದಾಗ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಮರುದಿನ ಬೆಳಿಗ್ಗೆ ಹನ್ನೊಂದು ಡಬ್ಬಿಗಳೂ ಬಂದವು. ಮೊದಲ ಡಬ್ಬಿ ಅವಳದೇ. ಬಸವಮ್ಮನನ್ನು ಬಿಟ್ಟು ಉಳಿದ ಹನ್ನೊಂದು ಜನರಲ್ಲಿ ಆರು ಜನರೊಳಗೆ ಹುಳ ಸಿಕ್ಕಿತು, ಅವಳೂ ಅದರಲ್ಲೊಬ್ಬಳು. ಔಷಧ ನುಂಗಿಸಿದ ಕಾವ್ಯಶ್ರೀ, "ಈಗ ಹೋಗುತ್ತೆ. ಅದೇ ಮಣ್ಣಿಗೆ ಮತ್ತೆ ಬರಿಗಾಲಲ್ಲಿ ಇಳಿದ್ರೆ ಮತ್ತೆ ಬರುತ್ತೆ," ಎಂದು ಒತ್ತಿ ಹೇಳಿದಳು.

ಆರೋಗ್ಯ ಇಲಾಖೆಯವರು ಒಂದು ದಿನ ಊರಿಗೂ ಬಂದು ಪಂಚಾಯ್ತಿ ಕಟ್ಟೆಯ ಹತ್ತಿರ ಸಭೆ ಮಾಡಿದರು. ಪ್ರಿಯಾಂಕ ತನ್ನ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ಹುಳದ ವಿಡಿಯೋ ತೋರಿಸಿದಳು. ಮುಂದಿನ ಕುರ್ಚಿಯಲ್ಲಿ ಕೂತಿದ್ದ ಮರಿಮಲ್ಲಪ್ಪನವರು ಮೊಬೈಲನ್ನು ಈಸಿಕೊಂಡು ಎರಡು ಸಲ ನೋಡಿದರು. ಯಾವ ಹೊಲ ಎಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮರುದಿನವೇ ಶಿವಲಕ್ಷ್ಮಿ ಅವರ ಜಗಲಿಯ ಮುಂದೆ ನಿಂತಳು. "ಬುದ್ಧಿ, ಕುಯ್ಲಿಗ ನಾವು ಕಾಲಿಗ ಹಾಕ್ಕಂಡೇ ಇಳೀತೀವಿ. ಹೊಲದ ಅಂಚ್ನಲ್ಲಿ ಒಂದು ಕಕ್ಕಸು ಕಟ್ಟಿಸ್ಕೊಡಿ."

"ಇಷ್ಟು ವರ್ಷ ಬರದ ಹುಳ ಈಗ ಬಂತಾ?" ಎಂದರು ಮರಿಮಲ್ಲಪ್ಪನವರು. "ನಮ್ಮಪ್ಪನ ಕಾಲದಿಂದ ಬಂದದ್ದ ನಾನು ಮುರಿಯಕ್ಕಾಯ್ತದಾ? ಬರೋದಾದ್ರೆ ಬರಿಗಾಲಲ್ಲಿ ಬಾ. ಇಲ್ದೇ ಓದ್ರೆ ಬೇರೆ ಗುಂಪು ಕರುಸ್ತೀನಿ."

ಬೇರೆ ಗುಂಪು ಕರೆಸಲು ಅವರು ಓಡಾಡಿದ್ದೂ ನಿಜ. ಆದರೆ ಬಸವಮ್ಮನ ಸುದ್ದಿ ಗುಂಡ್ಲುಪೇಟೆಯ ಸಂತೆಗೂ ಮುಟ್ಟಿತ್ತು. ಆ ಹೊಲ ಅಂದರೆ ಆಳುಗಳು ಕಾಲು ಹಿಂದಕ್ಕೆ ತೆಗೆಯುತ್ತಿದ್ದರು. ಸಂಕ್ರಾಂತಿ ಕಳೆಯಿತು, ಅರಿಸಿನದ ಸೊಪ್ಪು ಒಣಗಿ ಮಲಗಿತು, ಕೀಳಲು ಹದವಾಗಲಿ ಎಂದು ಹೊಲಕ್ಕೆ ನೀರು ಹಾಯಿಸಿದ್ದೂ ಆಯಿತು. ಕೊನೆಗೆ ಮರಿಮಲ್ಲಪ್ಪನವರು ಶಿವಲಕ್ಷ್ಮಿಗೇ ಹೇಳಿ ಕಳಿಸಿದರು.

ಕೊಯ್ಲಿನ ಹಿಂದಿನ ದಿನ ಸಂಜೆ ದೊರೆಸ್ವಾಮಿ ಒಂದು ಗೋಣಿಚೀಲ ಹೊತ್ತುಕೊಂಡು ಬಂದು ಹಟ್ಟಿಯಲ್ಲಿ ಸುರಿದ. ಬೂಟುಗಳು. ಫ್ಯಾಕ್ಟರಿಯಲ್ಲಿ ಕೆಲಸಗಾರರು ಹಾಕಿ ಬಿಟ್ಟವು, ಯಾರು ಯಾರನ್ನೋ ಕೇಳಿ ತಿಂಗಳಿಂದ ಕೂಡಿಟ್ಟಿದ್ದ. "ನಮ್ ಗೇಟಲ್ಲಿ ಬೂಟು ಇಲ್ದೋರ ನಾನೇ ಒಳಕ್ಕ ಬುಡಲ್ಲ," ಎಂದ. "ಹನ್ನೆರಡ್ ಜೊತೆ ಅವ, ಎಣ್ಸ್ಕೊ." ಅವನು ಅವಳ ಜೊತೆ ಅಷ್ಟುದ್ದ ಮಾತಾಡಿ ಎಷ್ಟೋ ದಿನವಾಗಿತ್ತು. ಶಿವಲಕ್ಷ್ಮಿ ಬೂಟು ಎಣಿಸುವ ನೆಪದಲ್ಲಿ ತಲೆ ಬಗ್ಗಿಸಿಕೊಂಡಳು.

ಬೆಳಿಗ್ಗೆ ಬದುವಿನ ಮೇಲೆ ನಡೆದು ಬಂದ ಗುಂಪನ್ನು ನೋಡಿದ್ದರೆ ನಗು ತಡೆಯುವುದು ಕಷ್ಟವಿತ್ತು. ಸೀರೆ ಎತ್ತಿ ಕಟ್ಟಿ, ಕೆಳಗೆ ಗಂಡಸರ ಬೂಟು. ಒಬ್ಬಳದು ಕರಿ, ಒಬ್ಬಳದು ಒಂದು ಕರಿ ಒಂದು ಕಂದು, ದೊಡ್ಡದಾದವರು ಹಳೇ ಬಟ್ಟೆ ತುರುಕಿಕೊಂಡಿದ್ದರು. ದಪದಪ ಸದ್ದು. ಬಸವಮ್ಮನೂ ಹಠ ಮಾಡಿ ಬಂದಿದ್ದಳು. ಇನ್ನೂ ಕಡ್ಡಿಯಂತಿದ್ದವಳನ್ನು ಹೊಂಗೆ ಮರದ ಬುಡದಲ್ಲಿ ಕೂರಿಸಿದರು.

ಮರಿಮಲ್ಲಪ್ಪನವರು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದರು. ಅವರ ಕಾಲಲ್ಲಿ ಮಂಡಿವರೆಗಿನ ಹೊಸ ಗಂಬೂಟು ಇದ್ದವು. ಪಂಚಾಯ್ತಿ ಕಟ್ಟೆಯ ಸಭೆ ಆದ ವಾರಕ್ಕೇ ಅವು ಬಂದಿದ್ದವೆಂದು ಊರಿಗೆಲ್ಲ ಗೊತ್ತಿತ್ತು.

"ಅವ ಅಲ್ಲಿ ಕಳಚಿ ಇಳೀರಿ," ಎಂದು ಮರದ ಬುಡ ತೋರಿಸಿದರು.

ಹೆಂಗಸರು ಶಿವಲಕ್ಷ್ಮಿಯ ಮುಖ ನೋಡಿದರು. ಅವಳು ಅವರೆದುರು ಬಂದು ನಿಂತಳು.

"ಮರಿಮಲ್ಲಪ್ಪೋರೆ," ಎಂದಳು.

ಇಪ್ಪತ್ತೆಂಟು ವರ್ಷ ಬುದ್ಧಿ, ಬುದ್ಧಿ ಎಂದ ಬಾಯಿ ಅದು.

"ಹೊಲ ನಿಮ್ದು. ಅರಿಸಿನ ನಿಮ್ದು. ಕಟ್ಟಳೆ ನಿಮ್ಮಪ್ಪಂದು. ಮೊದ್ಲು ನೀವು ಕಳಚಿ. ಬರಿಗಾಲಲ್ಲಿ ಈ ಸಾಲು ಇಳ್ದು ಅಗೋ ಆ ಬಾಳೆ ಬುಡದ ತಂಕ ಓಗಿ ವಾಪಸ್ ಬನ್ನಿ. ಒಂದೇ ಸಲ. ನೀವು ಓಗಿ ಬಂದ್ರೆ ಈ ಹನ್ನೊಂದ್ ಜೊತೆನೂ ಇಲ್ಲೇ ಬುಟ್ಟು ಇಳೀತೀವಿ. ಇನ್ನು ಸಾಯಗಂಟ ಬೂಟಿನ ಮಾತು ಎತ್ತಲ್ಲ. ನನ್ನ ಮಾತು."

"ಏನಂದೆ? ನನ್ಗೇ ಹೇಳೋ ಹಾಗಾದ್ಯಾ?" ಎಂದು ಮರಿಮಲ್ಲಪ್ಪನವರು ಕೆಂಪಗಾದರು. "ನನ್ನ ಹೊಲಕ್ಕೆ ಇಳಿಯೋಕೆ ನನಗೇನು ಭಯವಾ?" ಎಂದವರೇ ಬಗ್ಗಿ, ಬಲಗಾಲಿನ ಗಂಬೂಟಿನ ಬಾಯಿಗೆ ಎರಡೂ ಕೈ ಹಾಕಿದರು.

ಮೊನ್ನೆ ನೀರುಂಡ ಮಣ್ಣು ಅವರ ಕಾಲಕೆಳಗೇ ಕಪ್ಪಗೆ, ತೇವವಾಗಿ ಬಿದ್ದಿತ್ತು. ಅವರು ಅದನ್ನು ನೋಡಿದರು. ಮರದ ಬುಡದಲ್ಲಿ ಬಸವಮ್ಮ ಕೆಮ್ಮಿದಳು, ಬೇಕೆಂದೇನಲ್ಲ, ಕೆಮ್ಮು ಇನ್ನೂ ಪೂರ್ತಿ ಹೋಗಿರಲಿಲ್ಲ. ಮರಿಮಲ್ಲಪ್ಪನವರ ಕೈ ಬೂಟಿನ ಮೇಲೇ ನಿಂತುಬಿಟ್ಟಿತು. ಸ್ವಲ್ಪ ಹೊತ್ತು ಬಗ್ಗಿದವರು ಬಗ್ಗಿಯೇ ಇದ್ದರು. ಆಮೇಲೆ ಕೈ ತೆಗೆದು, ಪಂಚೆ ಸರಿಮಾಡಿಕೊಂಡು, ನೆಟ್ಟಗೆ ನಿಂತರು.

"ಹೊತ್ತಾಯ್ತು," ಎಂದರು ಬೇರೆ ಕಡೆ ನೋಡುತ್ತ. "ಕೆಲ್ಸ ನೋಡ್ರಿ."

ಶಿವಲಕ್ಷ್ಮಿ ಬೂಟುಗಾಲನ್ನು ಎತ್ತಿ ಸಾಲಿನ ನಡುವೆ ಇಟ್ಟಳು. ಅವಳ ಹಿಂದೆ ಹತ್ತು ಜೊತೆ ಬೂಟುಗಳು ದಪದಪನೆ ಇಳಿದವು. ಮೊದಲ ಗೆಡ್ಡೆ ಕಿತ್ತು ಮಣ್ಣು ಕೊಡವುತ್ತ ಅವಳು ಬದುವಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಮರಿಮಲ್ಲಪ್ಪೋರೆ, ಓಗ್ಬುಟ್ಟೀರಾ! ಕಕ್ಕಸಿನ ಮಾತು ಇನ್ನೂ ಅದ. ಸಂಜೆ ಮಾತಾಡನ!"

ಹೊಂಗೆ ಮರದ ಬುಡದಲ್ಲಿ ಆ ದಿನ ಒಂದು ಜೊತೆ ಚಪ್ಪಲಿಯೂ ಇರಲಿಲ್ಲ. ಬಸವಮ್ಮ ಒಬ್ಬಳೇ ಕೂತಿದ್ದಳು, ಹನ್ನೆರಡನೇ ಜೊತೆ ಬೂಟು ಹಾಕಿಕೊಂಡು.